ಆ ಮನೆಯೊಳಗೆ ನಿಮ್ಮ ಬಂದೂಕು ಎಲ್ಲಿತ್ತು?

ಮಾನ್ಯ ಹವಾಲ್ದಾರರೇ,

ನಮಸ್ಕಾರ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಯೋಧರಾಗಿ 2007ರಲ್ಲಿ ದಕ್ಷಿಣ ಲೆಬನಾನಿನಲ್ಲಿದ್ದಾಗ, ಹಾಸ್ಬಾಯಾ ಸಮೀಪದ ಹಳ್ಳಿಯ, ದ್ರೂಜ್ ಎಂಬ ಧಾರ್ಮಿಕ ಪಂಗಡದ ರೈತನೊಬ್ಬನ ಮನೆಯಲ್ಲಿ ನೀವು ಉಂಡ ಊಟವನ್ನು ಕುರಿತ ‘ಗಡಿಯಿಲ್ಲದ ಆತಿಥ್ಯ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಹಿಂದಿರುಗಿಸಿ ಸುಮ್ಮನಾಗಲೂ ಮನಸ್ಸು ಒಪ್ಪುತ್ತಿಲ್ಲ.

ಎಂಟು ಪುಟಗಳಲ್ಲಿ ಊಟಕ್ಕೆ ದೊರೆತಿರುವುದು ಹನ್ನೆರಡು ಸಾಲು ಮಾತ್ರ. ಕೊಡಗಿನ ಜನರಲ್ ತಿಮ್ಮಯ್ಯನವರು 1964ರಲ್ಲಿ ಸೈಪ್ರಸ್‌ನ ಶಾಂತಿಪಡೆಯ ದಂಡನಾಯಕರಾಗಿ ಹೋಗಿ ಮರುವರ್ಷ ಅಲ್ಲಿಯೇ ತೀರಿಕೊಂಡದ್ದು, 1998ರಲ್ಲಿ ಭಾರತದ ಬೆಟಾಲಿಯನ್ ಲೆಬನಾನಿಗೆ ಕಾಲಿಟ್ಟದ್ದು, ಎಲ್ಲವೂ ನಿಜ, ಹೆಮ್ಮೆಪಡುವಂಥದ್ದೇ. ಆದರೆ ಅವನ್ನು ಬೇರೆಯವರೂ ಬರೆಯಬಲ್ಲರು. ಆ ಮನೆಯ ಚಾಪೆಯ ಮೇಲೆ ಕುಳಿತವರು ನೀವೊಬ್ಬರೇ. ಈ ಇತಿಹಾಸ ತುಂಬಿರುವ ಮೂರು ಪುಟಗಳನ್ನು ತೆಗೆಯಿರಿ. ನೀವು ಕಂಸದೊಳಗೆ ಹಾಕಿರುವ ಸಂಗತಿಯಿಂದ, ಅಂದರೆ ನಮ್ಮ ಪಡೆಯ ಪಶುವೈದ್ಯರು ಆ ರೈತನ ಮೇಕೆಯನ್ನು ಉಳಿಸಿಕೊಟ್ಟದ್ದಕ್ಕಾಗಿ ಅವನು ನಿಮ್ಮನ್ನು ಕರೆದ ಎಂಬುದರಿಂದ, ಲೇಖನ ಶುರುವಾಗಲಿ.

‘ಅವರ ಸಾಂಪ್ರದಾಯಿಕ ಖಾದ್ಯಗಳನ್ನು ಬಡಿಸಿದರು’ ಎಂದು ಬರೆದಿದ್ದೀರಿ. ಯಾವ ಖಾದ್ಯ? ಅಕ್ಕಿ ಮತ್ತು ಚನ್ನಂಗಿ ಬೇಳೆಯನ್ನು ಒಟ್ಟಿಗೆ ಬೇಯಿಸಿ ಮೇಲೆ ಕಂದು ಬಣ್ಣಕ್ಕೆ ಹುರಿದ ಈರುಳ್ಳಿ ಹರಡುವ ಮುಜದ್ದರಾ ಆಗಿದ್ದರೆ, ಅದನ್ನು ಕಂಡೊಡನೆ ನಿಮಗೆ ನಮ್ಮ ಕಿಚಡಿ ನೆನಪಾಗಿರಬೇಕಲ್ಲವೇ? ಹೆಸರು ಮರೆತಿದ್ದರೆ ಚಿಂತೆಯಿಲ್ಲ. ನಾಲಿಗೆಗೆ ತಾಕಿದ್ದನ್ನು ಬರೆಯಿರಿ.

ನಿಮ್ಮ ಲೇಖನದ ಜೀವ ಬೇರೊಂದು ಕಡೆ ಇದೆ, ಅದನ್ನು ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ‘ಕಷಾಯದಂಥ ಕಹಿ ಪಾನೀಯವನ್ನು ಲೋಹದ ಕೊಳವೆಯಿಂದ ಎಲ್ಲರೂ ಸರದಿಯಲ್ಲಿ ಹೀರಿದೆವು’ ಎಂದಿದ್ದೀರಲ್ಲ, ಅದು ಮಾಟೆ. ದಕ್ಷಿಣ ಅಮೆರಿಕಕ್ಕೆ ದುಡಿಯಲು ಹೋದವರು ಊರಿಗೆ ತಂದ ಎಲೆ. ದ್ರೂಜ್ ಮನೆಗಳಲ್ಲಿ ಅತಿಥಿಗೆ ಸಲ್ಲುವ ಪಾನೀಯ. ಮನೆಯ ಯಜಮಾನ ತಾನು ಹೀರಿದ ಕೊಳವೆಯನ್ನೇ ನಿಮ್ಮ ಕಡೆಗೆ ಚಾಚಿದ. ಎಂಜಲು ಎಂಬ ಮಾತನ್ನು ತಾಯಿಯ ಗದರಿಕೆಯೊಂದಿಗೇ ಕಲಿತು ಬೆಳೆದ ನಿಮ್ಮ ಕೈ ಆಗ ಒಂದು ಕ್ಷಣ ಹಿಂಜರಿಯಿತೇ? ಹಿಂಜರಿದಿದ್ದರೆ ಅದನ್ನು ಮುಚ್ಚಿಡಬೇಡಿ. ಕನ್ನಡದ ಓದುಗ ನಿಮ್ಮೊಡನೆ ಆ ಮನೆಯನ್ನು ಹೊಗುವುದು ಆ ಹಿಂಜರಿಕೆಯ ಮೂಲಕವೇ. ಅದಕ್ಕೆ ಒಂದು ಪುಟವನ್ನಾದರೂ ಕೊಡಿ.

ಇನ್ನೊಂದು ಪ್ರಶ್ನೆಯನ್ನು ಕೇಳದೆ ಇರಲಾರೆ. ನೀವು ಬರಿಗೈಯಲ್ಲಿ ಹೋದ ನೆಂಟರಲ್ಲ, ಸಮವಸ್ತ್ರ ತೊಟ್ಟು ಹೋದವರು. ಬಂದೂಕನ್ನು ಗೋಡೆಗೆ ಒರಗಿಸಿದಿರೋ, ತೊಡೆಯ ಮೇಲಿಟ್ಟುಕೊಂಡಿರೋ, ಹೊರಗೆ ನಿಂತ ಜೊತೆಗಾರನ ಕೈಗೆ ಕೊಟ್ಟಿರೋ? 2000ದ ಮೇ ತಿಂಗಳವರೆಗೆ ಇಸ್ರೇಲಿ ಸೇನೆಯ ಹಿಡಿತದಲ್ಲಿದ್ದು, 2006ರಲ್ಲಿ 34 ದಿನಗಳ ಯುದ್ಧವನ್ನು ಕಂಡ ಸೀಮೆಯ ಜನ ಆಯುಧ ಹೊತ್ತ ಪರದೇಶಿಯನ್ನು ಊಟಕ್ಕೆ ಕೂರಿಸುವುದು ಸಣ್ಣ ಸಂಗತಿಯಲ್ಲ. ಮಕ್ಕಳು ನಿಮ್ಮ ಮುಖ ನೋಡುತ್ತಿದ್ದರೋ, ಬಂದೂಕನ್ನೋ? ಇದಕ್ಕೆ ಉತ್ತರವಿಲ್ಲದೆ ನಿಮ್ಮ ‘ಎಲ್ಲರೂ ಒಂದೇ ಕುಟುಂಬದವರಂತೆ ನಕ್ಕೆವು’ ಎಂಬ ವಾಕ್ಯವನ್ನು ನಾನು ನಂಬಲಾರೆ.

ಒಂದು ತಿದ್ದುಪಡಿಯೂ ಬೇಕು. ನೀವು ‘ಗಡಿ’ ಎಂದು ಕರೆದಿರುವುದು ಇಸ್ರೇಲಿ ಸೇನೆ ಹಿಂದೆ ಸರಿದುದನ್ನು ಖಚಿತಪಡಿಸಿಕೊಳ್ಳಲು ವಿಶ್ವಸಂಸ್ಥೆ 2000ದಲ್ಲಿ ಗುರುತಿಸಿದ ನೀಲಿ ರೇಖೆ. ಅದು ಎರಡು ದೇಶಗಳು ಒಪ್ಪಿಕೊಂಡ ಗಡಿಯಲ್ಲ. ಅಲ್ಲಿ ಕಾವಲಿದ್ದವರು ಈ ವ್ಯತ್ಯಾಸವನ್ನು ಸಡಿಲವಾಗಿ ಬರೆಯಬಾರದು.

ಕೊನೆಯ ಪುಟದ ‘ಮಾನವೀಯತೆಯೇ ನಿಜವಾದ ಧರ್ಮ’ ಎಂಬ ಭಾಗವನ್ನು ಪೂರ್ತಿ ಬಿಡಿ. ಅದರ ಹಿಂದಿನ ಪ್ಯಾರಾದಲ್ಲಿ, ಹೊರಡುವಾಗ ಆ ಮನೆಯ ಅಜ್ಜಿ ಉಳಿದ ತೆಳು ರೊಟ್ಟಿಗಳನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಕೊಟ್ಟಿದ್ದಾಳೆ. ಅವನ್ನು ನೀವು ನಡುರಾತ್ರಿ ಕಾವಲು ಗೋಪುರದಲ್ಲಿ ಜೊತೆಗಾರನೊಡನೆ ಹರಿದು ತಿಂದಿದ್ದೀರಿ. ಆ ಆರು ಸಾಲುಗಳ ಒಂದಕ್ಷರವನ್ನೂ ಬದಲಿಸದೆ ಲೇಖನವನ್ನು ಅಲ್ಲಿಗೇ ನಿಲ್ಲಿಸಿ ಕಳುಹಿಸಿಕೊಡಿ. ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ