ನಾಲ್ಕು ಎಕರೆ ಕಾಫಿ ತೋಟಕ್ಕೆ ಹಗುರವಾದ ಪ್ರೊಫೆಷನಲ್ ಚೈನ್ ಸಾ ಬೇಕು, ಬಜೆಟ್ 25 ಸಾವಿರ. ಯಾವುದು ತಗೊಳ್ಳಲಿ?

ನಿಮ್ಮ ಪ್ರಶ್ನೆಯಲ್ಲಿರುವುದು ಇಷ್ಟು: ಮೂಡಿಗೆರೆ ಕಡೆ ನಾಲ್ಕು ಎಕರೆ ಕಾಫಿ, ನೆರಳಿಗೆ ಸಿಲ್ವರ್ ಓಕ್, ಅಲ್ಲಲ್ಲಿ ಹಲಸು. ಮಳೆಗಾಲದಲ್ಲಿ ಬಿದ್ದ ಮರ ತೆರವು ಮಾಡಬೇಕು, ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಆದಮೇಲೆ ಕೆಳಗೆ ಬಿದ್ದ ಕೊಂಬೆ ತುಂಡರಿಸಬೇಕು, ಮನೆಗೆ ಸೌದೆ ಆಗಬೇಕು. ಬಾಡಿಗೆಗೆ ಕೊಯ್ಯುವವರು ಹೇಳಿದ ದಿನ ಬರುವುದಿಲ್ಲ. ನಿಮ್ಮ ತಂದೆಯವರೂ ಹಿಡಿಯುವಷ್ಟು ಹಗುರ ಇರಬೇಕು, ಪ್ರೊಫೆಷನಲ್ ಗುಣಮಟ್ಟದ್ದಾಗಿರಬೇಕು, 25 ಸಾವಿರ ದಾಟಬಾರದು.

ಈ ಮೂರೂ ಒಟ್ಟಿಗೆ ಹೊಸ ಮೆಷಿನ್ನಿನಲ್ಲಿ ಸಿಗುವುದಿಲ್ಲ. ಹಗುರ ಮತ್ತು ಪ್ರೊಫೆಷನಲ್ ಎರಡೂ ಬೇಕೆಂದರೆ ದುಡ್ಡು ದುಪ್ಪಟ್ಟು ದಾಟುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಒಳ್ಳೆಯ ಕಂಪನಿಯ 30 ಸಿಸಿ ಆಸುಪಾಸಿನ ಮೆಷಿನ್ ಒಂದನ್ನು, ಅಂದರೆ ಸ್ಟೀಲ್ (Stihl) ಕಂಪನಿಯ ಎಂಎಸ್ 170 ಅಥವಾ 180ರಂಥದನ್ನು, 14 ಇಂಚು ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಹಾಕಿಸಿ ಹೊಸದಾಗಿ ತಗೊಂಡು, ಉಳಿದ ದುಡ್ಡನ್ನು ಎರಡು ಚೈನ್, ಅರ, ಕಾಲಿನ ರಕ್ಷಣೆಗೆ ಹಾಕುತ್ತಿದ್ದೆ. ಎರಡನೆಯ ದಾರಿ ಸೆಕೆಂಡ್ ಹ್ಯಾಂಡ್ ಪ್ರೊಫೆಷನಲ್ ಮೆಷಿನ್. ಅದನ್ನು ನೋಡಿ ತಗೊಳ್ಳುವ ಬಗೆ ಕೆಳಗೆ ಹೇಳುತ್ತೇನೆ. ನಾನು ಸಕಲೇಶಪುರದ ಹತ್ತಿರ ತೋಟದ ಜೊತೆಗೆ ಕಳೆ ಹೊಡೆಯುವ ಮೆಷಿನ್, ಚೈನ್ ಸಾ ರಿಪೇರಿ ಮಾಡುವವನು, ಹಾಗಾಗಿ ಅಂಗಡಿಯವರು ಹೇಳದ ಕೆಲವು ವಿಷಯಗಳೂ ಬರುತ್ತವೆ.

ಮೊದಲು ಈ ಪ್ರೊಫೆಷನಲ್ ಅನ್ನುವುದು ಏನು ಎಂದು ನೋಡೋಣ. ಸಿಸಿ ಜಾಸ್ತಿ ಇದ್ದರೆ ಪ್ರೊಫೆಷನಲ್ ಎಂದು ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಕಂಪನಿಯವರು ಹಾಗೆ ಕರೆಯುವುದು ಎಂಜಿನ್ ಕೂರಿಸಿರುವ ರೀತಿ ನೋಡಿ. ದುಬಾರಿ ಮೆಷಿನ್ನಿನಲ್ಲಿ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಮೈ) ಮೆಗ್ನೀಸಿಯಂದು, ಎಡಕ್ಕೊಂದು ಬಲಕ್ಕೊಂದು ಎರಡು ಭಾಗ. ಸಿಲಿಂಡರ್ ಅದರ ಮೇಲೆ ನಾಲ್ಕು ಬೋಲ್ಟಿನಲ್ಲಿ ನಿಂತಿರುತ್ತದೆ. ಪಿಸ್ಟನ್ ಬದಲಿಸಬೇಕಾದರೆ ಮೇಲಿನ ಕವರ್, ಸೈಲೆನ್ಸರ್, ಕಾರ್ಬೊರೇಟರ್ ಬಿಚ್ಚಿ ಆ ನಾಲ್ಕು ಬೋಲ್ಟ್ ತೆಗೆದರೆ ಸಿಲಿಂಡರ್ ಕೈಗೆ ಬರುತ್ತದೆ. ತೋಟದ ದರ್ಜೆಯ ಮೆಷಿನ್ನಿನಲ್ಲಿ ಎಂಜಿನ್ ಬೇರೆಯೇ ಒಂದು ಬಿಡಿ ಭಾಗವಾಗಿ ಪ್ಲಾಸ್ಟಿಕ್ ಮೈಯೊಳಗೆ ಕೂತಿರುತ್ತದೆ. ಪಿಸ್ಟನ್ ಮುಟ್ಟಬೇಕಾದರೆ ಇಡೀ ಎಂಜಿನ್ ಹೊರಗೆ ತೆಗೆಯಬೇಕು, ಕೂಲಿ ಜಾಸ್ತಿ ಬೀಳುತ್ತದೆ. ಇದರ ಜೊತೆಗೆ ದುಬಾರಿಯದರಲ್ಲಿ ನಡುಕ ತಡೆಯಲು ಸ್ಪ್ರಿಂಗ್, ಚೈನ್ ಆಯಿಲ್ ಹೆಚ್ಚುಕಡಿಮೆ ಮಾಡುವ ಸ್ಕ್ರೂ, ಒಳ್ಳೆಯ ಏರ್ ಫಿಲ್ಟರ್ ಇರುತ್ತವೆ. ದಿನಾ ಆರೇಳು ಗಂಟೆ ಕೊಯ್ಯುವವನಿಗೆ ಇವೆಲ್ಲ ಬೇಕೇ ಬೇಕು. ವರ್ಷದಲ್ಲಿ ಮಳೆಗಾಲದ ಕೆಲವು ದಿನ, ಮರಗಸಿ ಹೊತ್ತಿನ ಕೆಲವು ದಿನ ಹಿಡಿಯುವ ನಿಮಗೆ ಇದು ಇಲ್ಲದಿದ್ದರೂ ನಡೆಯುತ್ತದೆ.

ಹೋಲಿಸುವಾಗ ಸಿಸಿ ಬಿಟ್ಟು ಕಿಲೋವ್ಯಾಟ್ ಮತ್ತು ಕಿಲೋ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸ್ಟೀಲ್ ಎಂಎಸ್ 170 ಅಂದರೆ 30.1 ಸಿಸಿ, ಸುಮಾರು 1.2 ಕಿಲೋವ್ಯಾಟ್, ತೂಕ 4 ಕಿಲೋ ಆಸುಪಾಸು. ಎಂಎಸ್ 180 ಹೆಚ್ಚುಕಡಿಮೆ ಅದೇ ತೂಕ, 31.8 ಸಿಸಿ, ಶಕ್ತಿ ಒಂದು ಗುಟುಕು ಜಾಸ್ತಿ. ಪ್ರೊಫೆಷನಲ್ ಎಂಎಸ್ 201 ಕೂಡ 4 ಕಿಲೋ ಆಸುಪಾಸೇ, ಆದರೆ 35.2 ಸಿಸಿಯಲ್ಲಿ 1.8 ಕಿಲೋವ್ಯಾಟ್ ಕೊಡುತ್ತದೆ. ನೀವು ಕೇಳುತ್ತಿರುವ ಮೆಷಿನ್ ನಿಜಕ್ಕೂ ಅದೇ. ಬೆಲೆ ಕೇಳಿದರೆ ಸುಮ್ಮನಾಗುತ್ತೀರಿ. ಅದರ ಮೇಲೆ ಹಸ್ಕ್ವಾರ್ನಾ 543 ಎಕ್ಸ್‌ಪಿ, 43.1 ಸಿಸಿ, 2.2 ಕಿಲೋವ್ಯಾಟ್, 4.5 ಕಿಲೋ. ಸ್ಟೀಲ್ ಎಂಎಸ್ 261 ಆದರೆ 50.2 ಸಿಸಿ, 3 ಕಿಲೋವ್ಯಾಟ್, 4.9 ಕಿಲೋ. ಇವುಗಳ ಮಧ್ಯೆ ಎಂಎಸ್ 250 ಇದೆ: 45.4 ಸಿಸಿ, 2.3 ಕಿಲೋವ್ಯಾಟ್, 4.6 ಕಿಲೋ. ಮೈ ಪ್ಲಾಸ್ಟಿಕ್ಕು, ಪ್ರೊಫೆಷನಲ್ ಪಟ್ಟಿಯಲ್ಲಿ ಇಲ್ಲ, ಆದರೂ ತೂಕಕ್ಕೆ ತಕ್ಕ ಶಕ್ತಿಯಲ್ಲಿ 543ರ ಪಕ್ಕ ನಿಲ್ಲುತ್ತದೆ. ಮಲೆನಾಡಿನ ತೋಟಗಳಲ್ಲಿ ಅದು ಇಷ್ಟೊಂದು ಕಾಣುವುದಕ್ಕೆ ಕಾರಣ ಇದೇ. ನಿಮ್ಮ ಬಜೆಟ್ಟಿಗೆ ಅದು ಮೀರುತ್ತದೆ. ಇನ್ನೊಂದು ಫಸಲು ಕಾಯುತ್ತೇನೆ ಅನ್ನುವುದಾದರೆ ಯೋಚಿಸಿ.

ಕಂಪನಿಯವರು ಹೇಳುವ ತೂಕ ಬಾರ್, ಚೈನ್, ಪೆಟ್ರೋಲ್, ಆಯಿಲ್ ಏನೂ ಇಲ್ಲದ ಖಾಲಿ ಮೆಷಿನ್ನಿನದು. ಎಲ್ಲ ಸೇರಿದರೆ ಒಂದರಿಂದ ಒಂದೂವರೆ ಕಿಲೋ ಜಾಸ್ತಿ ಎಂದು ಇಟ್ಟುಕೊಳ್ಳಿ. ಬಾರ್ ಉದ್ದವಾದಷ್ಟೂ ಆ ಭಾರ ಮೂತಿಯ ಕಡೆ ಬೀಳುತ್ತದೆ, ಮಣಿಕಟ್ಟು ಅಲ್ಲೇ ಸೋಲುವುದು. ಒದ್ದೆ ಇಳಿಜಾರು ಧರೆಯ ಮೇಲೆ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ಬಿದ್ದ ಸಿಲ್ವರ್ ಕೊಂಬೆ ಬಿಡಿಸುವಾಗ ಇದರ ಅನುಭವ ಆಗುತ್ತದೆ. ಅಂಗಡಿಯವರು 18 ಇಂಚು ಹಾಕಿಕೊಡುತ್ತೇನೆ ಅಂದರೆ ಬೇಡ ಅನ್ನಿ. 14 ಇಂಚಿನಲ್ಲಿ ಎರಡೂ ಕಡೆಯಿಂದ ಕೊಯ್ದರೆ ಎರಡಡಿ ದಪ್ಪದ ದಿಮ್ಮಿಯವರೆಗೂ ನಡೆಯುತ್ತದೆ. ಅದಕ್ಕಿಂತ ದಪ್ಪದ ಹಳೇ ಹಲಸು ಬಿದ್ದರೆ ಬಾಡಿಗೆಯವರನ್ನೇ ಕರೆಯಿರಿ; ಆ ಒಂದು ಮರಕ್ಕಾಗಿ ವರ್ಷವಿಡೀ ಭಾರ ಹೊರುವುದು ಯಾಕೆ?

ಆನ್‌ಲೈನ್‌ನಲ್ಲಿ ಹತ್ತು ಸಾವಿರದೊಳಗೆ ಬರುವ 58 ಸಿಸಿ, 22 ಇಂಚಿನ ಮೆಷಿನ್ ಬಗ್ಗೆ ಕೇಳಿಯೇ ಕೇಳುತ್ತೀರಿ. ಅವುಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು, ಬಣ್ಣ ಮತ್ತು ಸ್ಟಿಕರ್ ಮಾತ್ರ ಬೇರೆ. ಬೋರ್ 45.2 ಮಿಲಿಮೀಟರ್, ಸ್ಟ್ರೋಕ್ 34. ಲೆಕ್ಕ ಹಾಕಿ, 54.6 ಸಿಸಿ ಬರುತ್ತದೆ. ಸ್ಟಿಕರ್ ಮೇಲೆ 58. ಕೊಯ್ಯುವುದಿಲ್ಲ ಅಂತಲ್ಲ, ಕೊಯ್ಯುತ್ತವೆ. ಪಾರ್ಟ್ಸ್ ಅಗ್ಗ, ಪೇಟೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ, ಅದು ಅವುಗಳ ದೊಡ್ಡ ಗುಣ. ಆದರೆ ಬಾರ್ ಸೇರಿ ಏಳು ಕಿಲೋ ಹತ್ತಿರ ಬರುವ, ನಡುಕ ಕೈಗೇ ಹೊಡೆಯುವ, ಚೈನ್ ಬ್ರೇಕ್ ಒಂದು ದಿನ ಹಿಡಿದು ಇನ್ನೊಂದು ದಿನ ಹಿಡಿಯದ ಮೆಷಿನ್ನನ್ನು ನಿಮ್ಮ ತಂದೆಯವರ ಕೈಗೆ ಕೊಡಬೇಡಿ.

ಬ್ರ್ಯಾಂಡ್‌ಗಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಮೂಡಿಗೆರೆಯಲ್ಲೋ ಚಿಕ್ಕಮಗಳೂರಿನಲ್ಲೋ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆಯೊಳಗೆ ರಿಪೇರಿ ಮಾಡಿಸಿಕೊಂಡು ಬರಬಹುದಾದ ಡೀಲರ್ ಯಾರಿದ್ದಾರೆ? ಮಾರುವವನಲ್ಲ, ಬಿಚ್ಚುವವನು. ಅವನಲ್ಲಿ ಕಾರ್ಬೊರೇಟರ್ ಕಿಟ್, ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲಿನ ಚಕ್ರ), ಸ್ಟಾರ್ಟರ್ ಸ್ಪ್ರಿಂಗ್ ಈಗ ಸ್ಟಾಕ್ ಇದೆಯಾ ಎಂದು ಕೇಳಿ. ತರಿಸಿಕೊಡುತ್ತೇನೆ ಅಂದರೆ ಬೇರೆ ಕಂಪನಿ ನೋಡಿ.

ಈಗ ಚೈನ್. ನಾನು ನೋಡುವ "ಮೆಷಿನ್‌ಗೆ ಪವರ್ರೇ ಇಲ್ಲ" ಅನ್ನುವ ದೂರುಗಳಲ್ಲಿ ಬಹುಪಾಲು ಚೈನ್ ಮೊಂಡಾಗಿದ್ದಕ್ಕೆ ಬಂದವು. ಕೊಯ್ಯುವಾಗ ಕೆಳಗೆ ಬೀಳುವುದನ್ನು ನೋಡಿ: ಸಣ್ಣ ಚಕ್ಕೆ ಬೀಳುತ್ತಿದ್ದರೆ ಚೈನ್ ಸರಿ ಇದೆ, ಹಿಟ್ಟಿನಂಥ ಹುಡಿ ಬೀಳುತ್ತಿದ್ದರೆ ನಿಲ್ಲಿಸಿ ಅರ ಹಾಕಿ. ಸಣ್ಣ ಸ್ಟೀಲ್‌ಗಳಿಗೆ 14 ಇಂಚಿನಲ್ಲಿ ಸಾಮಾನ್ಯವಾಗಿ ಬರುವುದು 3/8 ಲೋ ಪ್ರೊಫೈಲ್ ಚೈನ್, 1.1 ಮಿಲಿಮೀಟರ್ ದಪ್ಪ, 50 ಡ್ರೈವ್ ಲಿಂಕ್ (ಬಾರ್‌ನ ಸೀಳಿನೊಳಗೆ ಓಡುವ ಕೊಂಡಿ). ಇದಕ್ಕೆ 4 ಮಿಲಿಮೀಟರ್ ದುಂಡನೆಯ ಅರ. .325 ಚೈನ್ ಇದ್ದರೆ 4.8. ತಪ್ಪು ಅರ ಹಾಕಿದರೆ ಹಲ್ಲು ಹೊಳೆಯುತ್ತದೆ, ಮರ ಕಚ್ಚುವುದಿಲ್ಲ. ಹಲ್ಲಿನ ಮೇಲೆ 30 ಡಿಗ್ರಿ ಓರೆಗೆ ಗೆರೆ ಇರುತ್ತದೆ, ಅದರ ಜೊತೆಗೇ ಅರ ಸಾಗಲಿ, ಒಳಗಿನಿಂದ ಹೊರಗೆ ಮಾತ್ರ ನೂಕಿ, ಎಳೆಯುವಾಗ ಎತ್ತಿಬಿಡಿ. ಪ್ರತಿ ಹಲ್ಲಿಗೂ ಅಷ್ಟೇ ಸಲ ನೂಕಿ. ಒಂದು ಬದಿಯ ಹಲ್ಲು ಗಿಡ್ಡವಾದರೆ ಮೆಷಿನ್ ಕೊಯ್ಯುತ್ತಾ ಕೊಯ್ಯುತ್ತಾ ಒಂದು ಕಡೆಗೆ ವಾಲುತ್ತದೆ, ಜನ ಬಾರ್ ಸೊಟ್ಟಗಿದೆ ಎಂದುಕೊಂಡು ಹೊಸ ಬಾರ್ ತರುತ್ತಾರೆ. ಹಲ್ಲಿನ ಮುಂದಿನ ಗಿಡ್ಡ ಉಬ್ಬನ್ನೂ ಐದಾರು ಸಲ ಅರ ಹಾಕಿದ ಮೇಲೆ ಒಮ್ಮೆ ಚಪ್ಪಟೆ ಅರದಲ್ಲಿ ಗೇಜ್ ಇಟ್ಟು ಇಳಿಸಬೇಕು. ಗೇಜ್ ಇಲ್ಲದೆ ಕಣ್ಣಂದಾಜಿನಲ್ಲಿ ಇಳಿಸಿದರೆ ಮೆಷಿನ್ ಒದೆಯಲು ಶುರುಮಾಡುತ್ತದೆ. ಅಡಿಕೆ, ತೆಂಗಿನ ಮರ ಕೊಯ್ದ ದಿನವಂತೂ ಸ್ಪ್ರಾಕೆಟ್ ಕವರ್ ಬಿಚ್ಚಿ ನಾರು ತೆಗೆಯದೆ ಮೆಷಿನ್ ಒಳಗಿಡಬೇಡಿ.

ಚೈನ್ ಆಯಿಲ್ ಟ್ಯಾಂಕಿಗೆ ಜೀಪಿನ ಸುಟ್ಟ ಆಯಿಲ್ ಹಾಕುವುದು ನಮ್ಮ ಕಡೆಯ ರೂಢಿ. ಅದರಲ್ಲಿರುವ ಕಬ್ಬಿಣದ ಪುಡಿ ಪಂಪನ್ನು ತಿನ್ನುತ್ತದೆ. ಅಗ್ಗದ್ದಾದರೂ ಸರಿ, ಹೊಸ ಆಯಿಲ್ ಹಾಕಿ.

ಪೆಟ್ರೋಲ್ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಬಂಕಿನಲ್ಲಿ ಈಗ ಬರುವುದು ಶೇ. 20 ಎಥನಾಲ್ ಬೆರೆತದ್ದು. ಸ್ಕ್ರೂ ತಿರುಗಿಸುವ ಕಾರ್ಬೊರೇಟರ್ ಇರುವ ಎಂಜಿನ್ನಿಗೆ ಶೇ. 10 ದಾಟಿದರೆ ಓಟದಲ್ಲಿ ತೊಂದರೆ ಬರಬಹುದು ಎಂದು ಸ್ಟೀಲ್ ಮ್ಯಾನುವಲ್‌ಗಳಲ್ಲೇ ಇದೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮಲೆನಾಡಿನ ಜುಲೈನಲ್ಲಿ ತೇವಕ್ಕೇನು ಬರ? ನೀರು ತಳಕ್ಕೆ ಇಳಿಯುತ್ತದೆ, ಕಾರ್ಬೊರೇಟರ್ ಒಳಗಿನ ತೆಳು ಡಯಾಫ್ರಮ್ ಬಿರುಸಾಗುತ್ತದೆ, ಆಮೇಲೆ ಹಗ್ಗ ಎಳೆದೆಳೆದು ಭುಜ ಹೋಗುತ್ತದೆ. ಇದಕ್ಕೆ ಮದ್ದು ಸರಳ. ಈ ಎಂಜಿನ್‌ಗೆ ಪೆಟ್ರೋಲ್‌ನಲ್ಲಿ 2ಟಿ ಆಯಿಲ್ ಬೆರೆಸಿಯೇ ಹಾಕಬೇಕು; ಒಂದು ಸಲಕ್ಕೆ ಒಂದೇ ಲೀಟರ್ ಕಲಸಿ, ಕಂಪನಿಯ 2ಟಿ ಆಯಿಲ್ ಆದರೆ 20 ಮಿಲಿ, ಬೇರೆ ಮಾಮೂಲಿ 2ಟಿ ಆದರೆ 40 ಮಿಲಿ. ತಿಂಗಳ ಹಿಂದೆ ಕಲಸಿಟ್ಟದ್ದನ್ನು ಹಾಕಬೇಡಿ. ಕೆಲಸ ಮುಗಿದು ಹಲವು ದಿನ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ಅದಾಗೇ ಆರುವವರೆಗೆ ಓಡಿಸಿ.

ಸೆಕೆಂಡ್ ಹ್ಯಾಂಡ್ ದಾರಿ ಹಿಡಿಯುವುದಾದರೆ ದೊಡ್ಡ ಎಸ್ಟೇಟ್‌ಗಳು ಮಾರುವ 40-50 ಸಿಸಿ ಪ್ರೊಫೆಷನಲ್ ಮೆಷಿನ್‌ಗಳು ನಿಮ್ಮ ಬಜೆಟ್ಟಿನಲ್ಲಿ ಸಿಗಬಹುದು. ನೀವು ಹೋಗುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನಿಸಿ, ತಣ್ಣಗಿರುವಾಗ ನೋಡಬೇಕು. ಸ್ವಿಚ್ ಆಫ್ ಇರಲಿ, ಡಿಕಂಪ್ರೆಶನ್ ಬಟನ್ (ಹಗ್ಗ ಎಳೆಯುವುದನ್ನು ಹಗುರ ಮಾಡುವ ಗುಂಡಿ) ಇದ್ದರೆ ಒತ್ತಬೇಡಿ, ಸ್ಟಾರ್ಟರ್ ಹಗ್ಗದ ಹಿಡಿ ಹಿಡಿದು ಮೆಷಿನ್ನನ್ನು ಮೆಲ್ಲಗೆ ನೇತಾಡಿಸಿ. ತಡೆತಡೆದು, ಹಂತ ಹಂತವಾಗಿ ಇಳಿದರೆ ಕಂಪ್ರೆಶನ್ ಇದೆ. ಸರ್ರನೆ ಇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಆಮೇಲೆ ಸೈಲೆನ್ಸರ್ ಬಿಚ್ಚಲು ಹೇಳಿ. ಟಾರ್ಚ್ ಹಿಡಿದು ಆ ಕಿಂಡಿಯಲ್ಲಿ ನೋಡಿದರೆ ಪಿಸ್ಟನ್ ಬದಿ ಕಾಣುತ್ತದೆ. ನುಣ್ಣಗಿರಬೇಕು. ಉದ್ದುದ್ದ ಗೀರು ಕಂಡರೆ ಆಯಿಲ್ ಕಲಸದ ಪೆಟ್ರೋಲ್ ಹೋಗಿಯೋ ಅತಿಯಾಗಿ ಬಿಸಿಯೇರಿಯೋ ಎಂಜಿನ್ ಪೆಟ್ಟು ತಿಂದಿದೆ ಎಂದೇ ತಿಳಿಯಿರಿ, ಮಾರುವವರು ಏನೇ ಹೇಳಲಿ. ಬಿಚ್ಚಲು ಒಪ್ಪದವರ ಹತ್ತಿರ ವ್ಯಾಪಾರ ಬೇಡ. ಸ್ಪ್ರಾಕೆಟ್ ಮೇಲಿನ ಚೈನ್ ಗುರುತು ಅರ್ಧ ಮಿಲಿಮೀಟರ್‌ಗಿಂತ ಆಳ ಇದ್ದರೆ ಅದನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸ್ಟಾರ್ಟ್ ಮಾಡಿದ ಮೇಲೆ ಆಕ್ಸಿಲರೇಟರ್ ಬಿಟ್ಟರೆ ಚೈನ್ ನಿಲ್ಲಬೇಕು. ಮೆಷಿನ್ನನ್ನು ಎಡಕ್ಕೆ ಬಲಕ್ಕೆ ವಾಲಿಸಿದಾಗ ಶಬ್ದ ಏರಿಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹತ್ತು ನಿಮಿಷ ಕೊಯ್ದು, ಆಫ್ ಮಾಡಿ, ಬಿಸಿಯಲ್ಲೇ ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಹೆಸರಾಂತ ಕಂಪನಿಗಳ ಡೂಪ್ಲಿಕೇಟ್‌ಗಳೂ ಓಡಾಡುತ್ತಿವೆ. ಅಸಲಿ ಸ್ಟೀಲ್‌ನಲ್ಲಿ ಸೀರಿಯಲ್ ನಂಬರ್ ಮೈಮೇಲೇ ಕೊರೆದಿರುತ್ತದೆ, ಡೀಲರ್‌ಗೆ ಆ ನಂಬರ್ ಹೇಳಿ ವಿಚಾರಿಸಿ.

ಎರಡೂವರೆ ಕಿಲೋ ಆಸುಪಾಸಿನ, ಹಿಡಿ ಮೇಲಿರುವ ಪುಟ್ಟ ಮೆಷಿನ್‌ಗಳನ್ನು ವೀಡಿಯೊದಲ್ಲಿ ನೋಡಿ ಆಸೆಪಟ್ಟಿದ್ದರೆ ಬಿಟ್ಟುಬಿಡಿ. ಅವು ಹಗ್ಗ ಕಟ್ಟಿಕೊಂಡು ಮರ ಹತ್ತುವ ತರಬೇತಿಯವರಿಗೆ. ನೆಲದ ಮೇಲೆ ಅವನ್ನು ಒಂದೇ ಕೈಯಲ್ಲಿ ಹಿಡಿಯುವ ಚಪಲ ಎಲ್ಲರಿಗೂ ಬರುತ್ತದೆ. ಬ್ಯಾಟರಿಯ ಆರಿಂಚಿನವು ಕಾಫಿ ಗಿಡದ ಒಣ ರೆಕ್ಕೆ (ಅಡ್ಡ ರೆಂಬೆ), ಮಣಿಕಟ್ಟು ದಪ್ಪದ ಕೊಂಬೆಗೆ ಚೆನ್ನಾಗಿವೆ, ಮರಕ್ಕಲ್ಲ. ಯಾವ ಮೆಷಿನ್ ಆದರೂ ಏಣಿಯ ಮೇಲೆ ನಿಂತು ಬೇಡ.

ಕಾಲಿನ ರಕ್ಷಣೆ ಅಂದೆನಲ್ಲ, ಅದು ತೊಡೆಯ ಮೇಲೆ ಕಟ್ಟಿಕೊಳ್ಳುವ ಚಾಪ್ಸ್. ಒಳಗಿನ ನಾರು ಚೈನಿಗೆ ಸುತ್ತಿ ಅದನ್ನು ನಿಲ್ಲಿಸುತ್ತದೆ. ಬಾರ್ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮೆಷಿನ್ ಮುಖದ ಕಡೆ ಎಗರುತ್ತದೆ, ಕೈ ಜಾರಿದರೆ ಎಡ ತೊಡೆಗೆ ಬರುತ್ತದೆ. ಚಾಪ್ಸ್, ಜಾಲರಿ ಇರುವ ಹೆಲ್ಮೆಟ್, ಗಮ್ ಬೂಟು. ಇವಕ್ಕೆ ದುಡ್ಡು ಸಾಲದಿದ್ದರೆ ಎಂಎಸ್ 180 ಬಿಟ್ಟು 170 ತಗೊಳ್ಳಿ. ಕಾನೂನಿನ ಬಗ್ಗೆ ಒಂದು ಮಾತು: 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್‌ಗೆ ಅನುಮತಿಯಿಂದ ವಿನಾಯಿತಿ ಇದೆ, ಬೀಟೆ, ಸಾಗುವಾನಿ ತಾನಾಗೇ ಬಿದ್ದಿದ್ದರೂ ಅರಣ್ಯ ಇಲಾಖೆಗೆ ತಿಳಿಸದೆ ಮೆಷಿನ್ ಇಡಬೇಡಿ.

ತಗೊಳ್ಳುವುದನ್ನು ಮೇ ತಿಂಗಳೊಳಗೆ ಮುಗಿಸಿ. ಜೂನ್‌ನಲ್ಲಿ ಮೊದಲ ಗಾಳಿಮಳೆ ಹೊಡೆದ ಮರುದಿನದಿಂದ ನಮ್ಮಂಥವರ ಅಂಗಡಿ ಮುಂದೆ ಕೆಟ್ಟ ಮೆಷಿನ್‌ಗಳ ಸಾಲು ನಿಂತಿರುತ್ತದೆ. ಆಗ ಹೊಸ ಮೆಷಿನ್ನಿಗೆ ಚೈನ್ ಬಿಗಿ ಮಾಡುವುದು, ಅರ ಹಿಡಿಯುವುದು ತೋರಿಸಿಕೊಡಲು ಯಾವ ಡೀಲರ್‌ಗೂ ಪುರುಸೊತ್ತು ಇರುವುದಿಲ್ಲ.