ಸರ್ಕಾರಿ ಸಂಬಳ, ಖಾಸಗಿ ಸಂಬಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 26 ವರ್ಷ. ಬಿ.ಕಾಂ. ಮುಗಿಸಿ ನಾಲ್ಕು ವರ್ಷಗಳಿಂದ ಮೈಸೂರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಮಂಡ್ಯದಿಂದ ದಿನವೂ ರೈಲಿನಲ್ಲಿ ಹೋಗಿಬರುತ್ತೇನೆ. ವಾರ್ಷಿಕ ಸಿಟಿಸಿ (ಕಂಪನಿ ನನಗಾಗಿ ಮಾಡುವ ಒಟ್ಟು ಖರ್ಚು) 7.2 ಲಕ್ಷ ರೂಪಾಯಿ. ಕೆಲಸ ಬಿಟ್ಟು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದು, ಸರ್ಕಾರಿ ನೌಕರಿಗೆ ಸಮನಾದದ್ದು ಯಾವುದೂ ಇಲ್ಲ ಎಂದು ನಿವೃತ್ತ ಶಿಕ್ಷಕರಾದ ನಮ್ಮ ತಂದೆಯವರು ಒತ್ತಾಯಿಸುತ್ತಿದ್ದಾರೆ. ತಿಂಗಳಿಗೆ 60 ಸಾವಿರದ ಕೆಲಸ ಬಿಟ್ಟು 44 ಸಾವಿರದ ಹಿಂದೆ ಹೋಗುವುದು ಸರಿಯೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ನೀವು ಹೋಲಿಸುತ್ತಿರುವ ಎರಡು ಅಂಕಿಗಳು ಒಂದೇ ಜಾತಿಯವಲ್ಲ. 44 ಸಾವಿರ ಎಂದರೆ ಪ್ರಥಮ ದರ್ಜೆ ಸಹಾಯಕರ ಆರಂಭದ ಮೂಲವೇತನ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದಿರುವ 44,425–83,700 ವೇತನಶ್ರೇಣಿಯ ಮೊದಲ ಮೆಟ್ಟಿಲು. ಅದರ ಮೇಲೆ ಭತ್ಯೆಗಳು ಕೂಡುತ್ತವೆ. ನಿಮ್ಮ 60 ಸಾವಿರವಾದರೋ ಕಂಪನಿ ನಿಮ್ಮ ಹೆಸರಿನಲ್ಲಿ ಮಾಡುವ ಎಲ್ಲ ಖರ್ಚುಗಳ ಮೊತ್ತ, ಅದರಿಂದ ಕಡಿತಗಳು ಕಳೆಯುತ್ತವೆ. ಒಂದು ಬೆಳೆಯುವ ಅಂಕಿ, ಇನ್ನೊಂದು ಕರಗುವ ಅಂಕಿ.

ಲೆಕ್ಕ ಹಾಕಿಯೇ ನೋಡೋಣ. ಮಂಡ್ಯದಲ್ಲಿ ನೇಮಕವಾಯಿತು ಎಂದುಕೊಳ್ಳಿ. 44,425ಕ್ಕೆ ಶೇ 12.25ರಂತೆ (2025ರ ಜನವರಿ 1ರಿಂದ ಅನ್ವಯವಾದ ದರ) ತುಟ್ಟಿಭತ್ಯೆ 5,442 ರೂಪಾಯಿ, ಶೇ 7.5ರಂತೆ ಮನೆ ಬಾಡಿಗೆ ಭತ್ಯೆ 3,332 ರೂಪಾಯಿ, ಒಟ್ಟು 53,199. ಇದೇ ಹುದ್ದೆ ಮೈಸೂರು ನಗರದಲ್ಲಾದರೆ ಬಾಡಿಗೆ ಭತ್ಯೆ ಶೇ 15, ಅಂದರೆ 6,664 ರೂಪಾಯಿ. ನಲವತ್ತೈದು ಕಿಲೋಮೀಟರ್ ಅಂತರಕ್ಕೆ ತಿಂಗಳಿಗೆ ಮೂರು ಸಾವಿರದ ಮುನ್ನೂರು ರೂಪಾಯಿ ವ್ಯತ್ಯಾಸ. ಮಂಡ್ಯದ ನೌಕರರು ಇದನ್ನು ಕುರಿತು ಗೊಣಗುವುದರಲ್ಲಿ ಅರ್ಥವಿದೆ. ಮಂಡ್ಯದ 53,199ರಲ್ಲಿ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ವಂತಿಗೆ 4,987 ಮತ್ತು ವೃತ್ತಿ ತೆರಿಗೆ 200 ಕಳೆದರೆ 48,012 ಉಳಿಯುತ್ತದೆ. ಕಡ್ಡಾಯವಾದ ಕೆಜಿಐಡಿ (ಸರ್ಕಾರಿ ನೌಕರರ ಜೀವವಿಮೆ) ಕಂತು ಅದರಿಂದಲೇ ಹೋಗಬೇಕು.

ಈಗ ನಿಮ್ಮದು. ನೀವು ಕಳುಹಿಸಿರುವ ವಿವರದ ಪ್ರಕಾರ ಮೂಲವೇತನ 30,000. ಸಿಟಿಸಿಯೊಳಗೇ ಕಂಪನಿಯ ಪಿಎಫ್ ಪಾಲು 3,600, ಗ್ರಾಚ್ಯುಟಿಗೆಂದು ಎತ್ತಿಟ್ಟ 1,443, ಆರೋಗ್ಯ ವಿಮೆಗೆ 1,000 ಮತ್ತು ವರ್ಷದ ಕೊನೆಯಲ್ಲಿ ಕೆಲಸದ ಮೌಲ್ಯಮಾಪನ ನೋಡಿ ತಿಂಗಳಿಗೆ 6,000ದಂತೆ ಕೊಡುವ ಮೊತ್ತ ಸೇರಿವೆ. ಇವನ್ನೂ ನಿಮ್ಮ ಪಾಲಿನ ಪಿಎಫ್ 3,600 ಮತ್ತು ವೃತ್ತಿ ತೆರಿಗೆ 200 ಅನ್ನೂ ತೆಗೆದರೆ ತಿಂಗಳ ಕೊನೆಗೆ ಬ್ಯಾಂಕಿಗೆ ಬರುವುದು 44,157 ರೂಪಾಯಿ. ಕೆಜಿಐಡಿ ಕಂತನ್ನೂ ಲೆಕ್ಕಕ್ಕೆ ಹಿಡಿದರೆ ಕೈಗೆ ಬರುವ ಹಣದಲ್ಲಿ ಎರಡು ಕೆಲಸಗಳೂ ಸದ್ಯಕ್ಕೆ ಹೆಚ್ಚುಕಡಿಮೆ ಅಕ್ಕಪಕ್ಕದಲ್ಲೇ ನಿಲ್ಲುತ್ತವೆ.

ಹಾಗಾದರೆ ನಿಮ್ಮ ತಂದೆಯವರ ಮಾತಿನಲ್ಲಿ ಹುರುಳಿಲ್ಲವೇ? ಇದೆ, ಆದರೆ ಅದು ಅವರ ಕಾಲಕ್ಕೆ ಪೂರ್ತಿ ನಿಜವಾಗಿದ್ದ ಮಾತು. 2006ರ ಏಪ್ರಿಲ್ 1ಕ್ಕೆ ಮುನ್ನ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರಿಗೆ ಪೂರ್ಣ ಸೇವೆಯ ನಂತರ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿಯೂ ಅದರ ಮೇಲೆ ತುಟ್ಟಿಭತ್ಯೆಯೂ ಸಿಗುತ್ತವೆ. ಖಜಾನೆ ಇಲಾಖೆಯಿಂದ ನಿವೃತ್ತನಾದ ಈ ಅಂಕಣಕಾರನೂ ಆ ಪಿಂಚಣಿಯನ್ನೇ ಉಣ್ಣುತ್ತಿದ್ದಾನೆ, ಆದ್ದರಿಂದ ನನ್ನ ತಲೆಮಾರಿನವರು ಸರ್ಕಾರಿ ಕೆಲಸವನ್ನು ಹೊಗಳುವಾಗ ಸ್ವಲ್ಪ ಎಚ್ಚರದಿಂದ ಕೇಳಿಸಿಕೊಳ್ಳಿ. ಆ ದಿನಾಂಕದ ನಂತರ ಸೇರಿದವರು ಎನ್‌ಪಿಎಸ್ ವ್ಯಾಪ್ತಿಗೆ ಬಂದರು: ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10 ನೌಕರರದು, ಶೇ 14 ಸರ್ಕಾರದ್ದು. ನಿವೃತ್ತಿಯಾಗುವಾಗ ಕೂಡಿದ ಮೊತ್ತದಲ್ಲಿ ಕನಿಷ್ಠ ಶೇ 40 ಭಾಗದಿಂದ ಮಾಸಿಕ ಪಿಂಚಣಿಯನ್ನು ಕೊಂಡುಕೊಳ್ಳಬೇಕು. ಅದು ಎಷ್ಟು ಬರುತ್ತದೆಂಬುದು ಮಾರುಕಟ್ಟೆಗೆ ಬಿಟ್ಟ ವಿಷಯ. ಹಳೆಯ ಪಿಂಚಣಿಗಾಗಿ ನೌಕರರು ಇಂದಿಗೂ ಬೇಡಿಕೆ ಇಡುತ್ತಿರುವುದು ಇದೇ ಕಾರಣಕ್ಕೆ.

ಆದರೂ ನಿಮ್ಮ ಕಡೆಯ ಮುಪ್ಪು ಇನ್ನೂ ತೆಳುವಾಗಿದೆ. ಖಾಸಗಿ ನೌಕರರ ಇಪಿಎಸ್ ಪಿಂಚಣಿಯನ್ನು ಸಾಮಾನ್ಯವಾಗಿ 15,000 ರೂಪಾಯಿಯ ಮಿತಿಯಲ್ಲೇ ಲೆಕ್ಕ ಹಾಕುವುದರಿಂದ 35 ವರ್ಷ ದುಡಿದರೂ ಕೈಗೆ ಬರುವುದು ತಿಂಗಳಿಗೆ ಸುಮಾರು 7,500 ರೂಪಾಯಿ. ಉಳಿದದ್ದು ಪಿಎಫ್ ಗಂಟು. ಮೇಲಿನ ಲೆಕ್ಕದಲ್ಲಿ ಎಫ್‌ಡಿಎ ಖಾತೆಗೆ ಎರಡೂ ಪಾಲು ಸೇರಿ ತಿಂಗಳಿಗೆ ಸುಮಾರು 11,968 ರೂಪಾಯಿ ಬೀಳುತ್ತದೆ, ನಿಮ್ಮ ಹೆಸರಿಗೆ ಇಪಿಎಸ್‌ಗೆ ಹೋಗುವ 1,250 ಸೇರಿ 7,200. ಕಂಪನಿ ಬದಲಿಸುವಾಗಲೆಲ್ಲ ಪಿಎಫ್ ಹಣ ಬಿಡಿಸಿಕೊಂಡು ಖರ್ಚು ಮಾಡುವ ಅಭ್ಯಾಸ ನಮ್ಮ ಹುಡುಗ ಹುಡುಗಿಯರಲ್ಲಿ ಬಹಳ. ಹಾಗೆ ಮಾಡಿದರೆ ಆ ಗಂಟೂ ಉಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ: ಪರೀಕ್ಷೆ ಬರೆಯಿರಿ, ಕೆಲಸ ಬಿಡಬೇಡಿ. ಸರ್ಕಾರಿ ಕೆಲಸದ ನಿಜವಾದ ಬೆಲೆ ಅದಕ್ಕಾಗಿ ಕಾಯುವ ವರ್ಷಗಳಲ್ಲಿದೆ. ಒಂದು ವರ್ಷ ಮನೆಯಲ್ಲಿ ಕುಳಿತರೆ ಹೋಗುವ ಸಂಬಳವೇ 5.3 ಲಕ್ಷ ರೂಪಾಯಿ. ಬೆಂಗಳೂರಿನ ವಿಜಯನಗರದಲ್ಲಿ ಪಿಜಿ ಹಿಡಿದು ಕೋಚಿಂಗ್‌ಗೆ ಸೇರಿದರೆ ಅದರ ಖರ್ಚು ಬೇರೆ. ಅಧಿಸೂಚನೆ, ಪರೀಕ್ಷೆ, ಆಯ್ಕೆಪಟ್ಟಿ, ತಕರಾರು, ನ್ಯಾಯಾಲಯ ಎಂದು ಒಂದು ನೇಮಕಾತಿ ವರ್ಷಗಟ್ಟಲೆ ಎಳೆದಾಡುವುದನ್ನು ನಾವೆಲ್ಲ ನೋಡಿದ್ದೇವೆ. ಸಾಮಾನ್ಯ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟರಿಗೂ ಪ್ರವರ್ಗ 1ಕ್ಕೂ 40, ನಿಮಗೆ ಅವಸರವಿಲ್ಲ. ದಿನದ ರೈಲು ಪ್ರಯಾಣದಲ್ಲಿ ಸೀಟು ಸಿಕ್ಕಿದ ಭಾಗ್ಯವಂತರು ಎರಡು ಗಂಟೆ ಓದಬಹುದು. ತಂದೆಯವರಿಗೂ ಇನ್ನೊಂದು ಮಾತು ತಿಳಿಸಿ: ಆಯ್ಕೆಯಾದರೂ ಮೊದಲ ನೇಮಕ ಮಂಡ್ಯದಲ್ಲೇ ಆಗುತ್ತದೆಂಬ ಖಾತರಿ ಯಾರೂ ಕೊಡುವುದಿಲ್ಲ.

ಪ್ರಶ್ನೆ: ಮೈಸೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಏಜೆನ್ಸಿ ಮೂಲಕ ಒಂಬತ್ತು ವರ್ಷಗಳಿಂದ ಡೇಟಾ ಎಂಟ್ರಿ ಕೆಲಸದಲ್ಲಿದ್ದೇನೆ. ಪಕ್ಕದ ಮೇಜಿನ ಕಾಯಂ ನೌಕರರು ಮಾಡುವ ಕೆಲಸವನ್ನೇ ನಾನೂ ಮಾಡುತ್ತೇನೆ, ಸಂಬಳ ಮಾತ್ರ ಅವರದರ ಅರ್ಧಕ್ಕಿಂತ ಕಡಿಮೆ. ಹತ್ತು ವರ್ಷ ತುಂಬಿದರೆ ಕಾಯಂ ಮಾಡುತ್ತಾರೆ ಎಂದು ಹೇಳುತ್ತಾರೆ. ನಿಜವೇ?
— ಓದುಗರೊಬ್ಬರು, ಮೈಸೂರು

ಉತ್ತರ: ಇಂಥ ಪತ್ರಗಳಿಗೆ ಉತ್ತರ ಬರೆಯುವುದು ಕಷ್ಟ, ಏಕೆಂದರೆ ಒಳ್ಳೆಯ ಸುದ್ದಿ ಕಡಿಮೆ. ‘ಹತ್ತು ವರ್ಷ’ದ ಮಾತು ಹುಟ್ಟಿದ್ದು ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಏಪ್ರಿಲ್ 10ರಂದು ಕೊಟ್ಟ ತೀರ್ಪಿನಿಂದ. ಮಂಜೂರಾದ ಹುದ್ದೆಯಲ್ಲಿ, ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ, ಆಗ ಹತ್ತು ವರ್ಷ ದಾಟಿದ್ದ ಅರ್ಹರನ್ನು ಒಂದು ಬಾರಿಯ ಕ್ರಮವಾಗಿ ಕಾಯಂ ಮಾಡಬಹುದು ಎಂದು ಅದು ಹೇಳಿತು. ಮುಂದೆ ಬರುವ ಎಲ್ಲರಿಗೂ ಬಾಗಿಲು ತೆರೆಯಲಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ತ್ವವನ್ನು ಅದೇ ನ್ಯಾಯಾಲಯ 2016ರಲ್ಲಿ ಪಂಜಾಬಿನ ತಾತ್ಕಾಲಿಕ ನೌಕರರ ವಿಷಯದಲ್ಲಿ ಎತ್ತಿಹಿಡಿದಿದೆಯಾದರೂ ಅವರು ಸರ್ಕಾರದಿಂದ ನೇರವಾಗಿ ನೇಮಕಗೊಂಡವರು. ನಿಮ್ಮ ಕುರ್ಚಿ ಸರ್ಕಾರದ್ದು, ಕಾಗದದ ಮೇಲಿನ ಯಜಮಾನ ಮಾತ್ರ ಏಜೆನ್ಸಿ.

ಹಾಗೆಂದು ನೀವು ಪೂರ್ತಿ ಅನಾಥರಲ್ಲ. ಏಜೆನ್ಸಿ ಸಂಬಳ ಕೊಡದಿದ್ದರೆ ಅಥವಾ ಪಿಎಫ್ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಇಲಾಖೆ ಪ್ರಧಾನ ಉದ್ಯೋಗದಾತನಾಗಿ ಹೊಣೆ ಹೊರಬೇಕು. ಮೊದಲು ಉಮಂಗ್ ಆ್ಯಪಿನಲ್ಲಿ ನಿಮ್ಮ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಹಾಕಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಸಂಬಳದ ಚೀಟಿಯಲ್ಲಿ ಕಡಿತವಾದ ತಿಂಗಳುಗಳಿಗೆ ಜಮೆ ಇಲ್ಲದಿದ್ದರೆ ಪಿಎಫ್ ಕಚೇರಿಗೂ ಇಲಾಖೆಗೂ ಒಟ್ಟಿಗೆ ದೂರು ಕೊಡಿ. ವೇತನ 21,000 ರೂಪಾಯಿ ಮೀರದಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡನ್ನೂ ಕೇಳಿ ಪಡೆಯಿರಿ. ನೇಮಕಾತಿ ಅಧಿಸೂಚನೆ ಬಂದಾಗ ಅರ್ಜಿ ಹಾಕುವುದನ್ನು ಮಾತ್ರ ತಪ್ಪಿಸಬೇಡಿ.

ಪ್ರಶ್ನೆ: ಐಟಿಐ ಮುಗಿಸಿದ ಮಗನಿಗೆ ಸರ್ಕಾರಿ ನಿಗಮ ಅಥವಾ ಕಾರ್ಖಾನೆಯಲ್ಲಿ ಕೆಲಸ ಸಿಕ್ಕರೆ ಅದನ್ನು ಸರ್ಕಾರಿ ಕೆಲಸವೆಂದೇ ತಿಳಿಯಬಹುದೇ?
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಇಲಾಖೆಯ ಕೆಲಸಕ್ಕೆ ಸಮ ಎಂದು ತಿಳಿಯಬೇಡಿ. ವೇತನ ಆಯೋಗದ ಆದೇಶ ನಿಗಮಗಳಿಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪ್ರತ್ಯೇಕ ವೇತನ ಪರಿಷ್ಕರಣೆ. ಮೈಸೂರಿನ ಬಿಇಎಂಎಲ್ ಕೇಂದ್ರೋದ್ಯಮವಾದ್ದರಿಂದ ಅಲ್ಲಿ ಕಾರ್ಮಿಕ ಸಂಘದೊಡನೆ ವೇತನ ಒಪ್ಪಂದ. ಸಂಸ್ಥೆ ಬಡವಾದರೆ ನೌಕರನೂ ಬಡವಾಗುತ್ತಾನೆಂಬುದಕ್ಕೆ ಮಂಡ್ಯದವರಿಗೆ ಮೈಷುಗರ್ ಕಾರ್ಖಾನೆಗಿಂತ ಬೇರೆ ಸಾಕ್ಷಿ ಬೇಕಿಲ್ಲ: ವರ್ಷಗಟ್ಟಲೆ ನಿಂತಿದ್ದ ಕಬ್ಬು ಅರೆಯುವಿಕೆ 2022ರಲ್ಲಿ ಮತ್ತೆ ಆರಂಭವಾಯಿತು. ಮೈಸೂರಿನಲ್ಲಿ ಸರ್ಕಾರದ ಆಶ್ರಯದಲ್ಲಿ ಬೆಳೆದ ವಿಕ್ರಾಂತ್ ಟೈರ್ಸ್ 1997ರಲ್ಲಿ ಖಾಸಗಿ ಒಡೆತನಕ್ಕೆ ಹೋಯಿತು. ಆದ್ದರಿಂದ ನಿಗಮದ ಹೆಸರನ್ನಷ್ಟೇ ನೋಡದೆ ಅಲ್ಲಿ ಸಂಬಳ ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆಯೇ, ನಿವೃತ್ತರಿಗೆ ಗ್ರಾಚ್ಯುಟಿ ಬಾಕಿ ಉಳಿದಿದೆಯೇ ಎಂದು ಅಲ್ಲೇ ಕೆಲಸ ಮಾಡುವ ಒಬ್ಬರನ್ನು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ನಮ್ಮ ಸೊಸೆ ಖಾಸಗಿ ಕಂಪನಿಯಲ್ಲಿದ್ದಾಳೆ, ಈಗ ಬಸುರಿ. ಹೆರಿಗೆ ರಜೆ ಸರ್ಕಾರಿ ನೌಕರರಿಗೆ ಮಾತ್ರ ಆರು ತಿಂಗಳೇ?
— ಓದುಗರೊಬ್ಬರು, ಪಾಂಡವಪುರ

ಉತ್ತರ: ಅಲ್ಲ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿರುವ ಖಾಸಗಿ ನೌಕರರಿಗೂ ಮೊದಲ ಎರಡು ಮಕ್ಕಳಿಗೆ 26 ವಾರ, ಅಂದರೆ 182 ದಿನ ಸಂಬಳ ಸಹಿತ ರಜೆ ಇದೆ. ರಾಜ್ಯ ಸರ್ಕಾರಿ ನೌಕರರಿಗೆ 180 ದಿನ. ವ್ಯತ್ಯಾಸವಿರುವುದು ಆಮೇಲೆ: ಸರ್ಕಾರಿ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 180 ದಿನಗಳ ಶಿಶುಪಾಲನಾ ರಜೆಯೂ ಸಿಗುತ್ತದೆ. ಐವತ್ತು ಅಥವಾ ಹೆಚ್ಚು ನೌಕರರಿರುವ ಕಂಪನಿ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರದ ವ್ಯವಸ್ಥೆ ಮಾಡಬೇಕು. ಅರ್ಜಿಯನ್ನು ಬಾಯಿಮಾತಿಗೆ ಬಿಡದೆ ಬರವಣಿಗೆಯಲ್ಲಿ ಕೊಟ್ಟು, ಅದರ ಪ್ರತಿ ಇಟ್ಟುಕೊಳ್ಳಲು ಸೊಸೆಗೆ ತಿಳಿಸಿ.