ಓದುಗರ ಪ್ರಶ್ನೆ: ಬತೂತನ ಊರಿನಲ್ಲಿ ಕಾಲ್ನಡಿಗೆ

ಎರಡು ಸಂಚಿಕೆಗಳ ಹಿಂದೆ, ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನ ಹುಟ್ಟೂರಾದ ಮೊರಾಕ್ಕೊದ ತಾಂಜಿಯರ್ ಪಟ್ಟಣವನ್ನು ಅಲ್ಲಿನ ಗೈಡ್ ಒಬ್ಬರ ಜೊತೆ ನಡೆದು ನೋಡಿದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನೇ ಈ ಸಲ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಸ್ಪೇನ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇನೆ. ಅಲ್ಲಿಂದ ಹಡಗಿನಲ್ಲಿ ತಾಂಜಿಯರ್‌ಗೆ ಹೋಗಿ ಅಂದೇ ಮರಳಬಹುದಂತೆ. ನನಗೆ ಅರವತ್ತೇಳು ವರ್ಷ, ಮಂಡಿನೋವಿದೆ. ನಡೆಯಲು ಆದೀತೇ? ಗೈಡ್ ಬೇಕೇ ಬೇಕೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಕಾಗದಪತ್ರದ ಮಾತು. ಸ್ಪೇನ್ ಬಿಟ್ಟು ಮೊರಾಕ್ಕೊಗೆ ಕಾಲಿಟ್ಟರೆ ನೀವು ಯೂರೋಪಿನಿಂದ ಹೊರಬಿದ್ದಂತೆ. ಸ್ಪೇನ್‌ಗೆ ಹೋಗಲು ನೀವು ಪಡೆಯುವ ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಸಂಜೆ ಮಗಳ ಮನೆಗೆ ಮರಳಲು ಬಿಡುವುದಿಲ್ಲ. ಹಲವು ಪ್ರವೇಶದ ವೀಸಾವನ್ನೇ ಕೇಳಿ ಪಡೆಯಿರಿ. ಮೊರಾಕ್ಕೊದ ವೀಸಾ ಬೇರೆ, ಅದನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೊರಡಿ. ಸ್ಪೇನ್‌ನ ತಾರಿಫಾದಿಂದ ಹಡಗಿಗೆ ಸುಮಾರು ಒಂದು ಗಂಟೆಯ ದಾರಿ. ಎರಡು ಖಂಡಗಳ ನಡುವೆ ಅತಿ ಕಿರಿದಾದ ಜಾಗದಲ್ಲಿ ಇರುವುದು 14 ಕಿಲೋಮೀಟರ್ ನೀರು ಅಷ್ಟೆ.

ಇನ್ನು ನಿಮ್ಮ ಮಂಡಿ. ಹಳೆಯ ಪಟ್ಟಣ ಗುಡ್ಡದ ಮೈಗೆ ಅಂಟಿಕೊಂಡಿದೆ. ಕೆಳಗೆ ಬಂದರು, ನೆತ್ತಿಯಲ್ಲಿ ಕೋಟೆ, ನಡುವೆ ಮೆಟ್ಟಿಲು ಮತ್ತು ಕಲ್ಲುಹಾಸಿನ ಓಣಿಗಳು. ಬಂದರಿನಿಂದ ಹತ್ತುತ್ತಾ ಹೋಗುವ ತಂಡಗಳನ್ನು ನೋಡಿದ್ದೇನೆ. ಅರ್ಧ ದಾರಿಯಲ್ಲೇ ಹಿರಿಯರು ಸುಸ್ತಾಗಿ ಕಟ್ಟೆಯ ಮೇಲೆ ಕುಳಿತುಬಿಟ್ಟಿರುತ್ತಾರೆ. ನೀವು ಹಾಗೆ ಮಾಡಬೇಡಿ. ಹಡಗಿನಿಂದ ಇಳಿದ ಕೂಡಲೇ ನೀಲಿ ಬಣ್ಣಕ್ಕೆ ಹಳದಿ ಪಟ್ಟಿ ಬಳಿದ ಟ್ಯಾಕ್ಸಿ ಹಿಡಿದು ಕಸ್ಬಾದ ಬಾಗಿಲಿಗೇ ಹೋಗಿ, ಅಲ್ಲಿಂದ ಇಳಿಯುತ್ತಾ ಬನ್ನಿ. ಮಂಡಿನೋವಿಗೆ ಇಳಿಜಾರೂ ಸುಖವಲ್ಲ ಎಂಬುದು ನನ್ನ ಕಾಲಿಗೆ ಗೊತ್ತು. ಆದರೆ ಇಳಿಯುವಾಗ ಉಸಿರು ಉಳಿಯುತ್ತದೆ, ಕೋಲು ಊರಿಕೊಂಡು ನಿಂತು ನಿಂತು ನೋಡಬಹುದು. ಗೈಡ್‌ಗೆ 'ಶ್ವಿಯ ಶ್ವಿಯ' ಎನ್ನಿ. ಅಲ್ಲಿನ ಆಡುಮಾತಿನಲ್ಲಿ ನಿಧಾನ, ನಿಧಾನ ಎಂದು ಅರ್ಥ. ನನಗೆ ಆ ದಿನ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಅದೇ.

ಕಸ್ಬಾ ಎಂದರೆ ಕೋಟೆಯೊಳಗಿನ ಭಾಗ. ನಮ್ಮ ಪಹಣಿಯಲ್ಲಿ 'ಕಸಬಾ ಹೋಬಳಿ' ಎಂದು ಬರೆಯುವುದೂ ಇದೇ ಅರಬ್ಬಿ ಪದ. ಅಲ್ಲಿಯ ಬಾಬ್ ಅಲ್ ಬಹರ್, ಅಂದರೆ ಕಡಲ ಬಾಗಿಲಿನಲ್ಲಿ ನಿಂತರೆ ಕಾಲ ಕೆಳಗೆ ಜಲಸಂಧಿ, ಆಚೆಗೆ ಸ್ಪೇನ್‌ನ ಬೆಟ್ಟಗಳು. ನಾನು ಹೋದ ದಿನ 'ಶೆರ್ಗಿ' ಬೀಸುತ್ತಿತ್ತು. ಅದು ಮೂಡಣ ಗಾಳಿ, ಬೀಸಲು ಹಿಡಿಯಿತೆಂದರೆ ಹಡಗುಗಳೇ ನಿಂತುಬಿಡುತ್ತವೆ. ಸೆರಗನ್ನು ಸೊಂಟಕ್ಕೆ ಬಿಗಿದು ಪಿನ್ನು ಹಾಕಿಕೊಂಡು ನಿಂತೆ. ಅದೇ ದಿನ ಮರಳುವ ನೀವು ಹೊರಡುವ ಮುನ್ನ ಗಾಳಿಯ ಮುನ್ಸೂಚನೆಯನ್ನು ತಪ್ಪದೆ ನೋಡಿಕೊಳ್ಳಿ.

ಗೈಡ್ ಬೇಕೇ? ಬೇಕು. ನಕ್ಷೆಯಲ್ಲಿ ದಾರಿ ಸಿಕ್ಕೀತು, ಊರು ಸಿಗುವುದಿಲ್ಲ. ನನ್ನ ಜೊತೆ ಬಂದವರು ಆ ಓಣಿಗಳಲ್ಲೇ ಹುಟ್ಟಿ ಬೆಳೆದವರು, ಐವತ್ತರ ಆಸುಪಾಸಿನವರು. ಒಂದು ತಗ್ಗು ಬಾಗಿಲಿನ ಮುಂದೆ ನಿಲ್ಲಿಸಿ "ಮೂಸಿ ನೋಡಿ" ಎಂದರು. ಸುಟ್ಟ ಕಟ್ಟಿಗೆಯ ವಾಸನೆ, ಹಿಟ್ಟಿನ ವಾಸನೆ. ಅದು ಕೇರಿಯ ಒಲೆ, ಅವರ ಮಾತಿನಲ್ಲಿ 'ಫರ್ರಾನ್'. ಮನೆಗಳಲ್ಲಿ ನಾದಿದ ಹಿಟ್ಟನ್ನು ಹಲಗೆಯ ಮೇಲಿಟ್ಟು, ಬಟ್ಟೆ ಮುಚ್ಚಿ ಮಕ್ಕಳ ಕೈಯಲ್ಲಿ ಕಳಿಸುತ್ತಾರೆ. ಯಾವ ರೊಟ್ಟಿ ಯಾವ ಮನೆಯದೆಂದು ಒಲೆಯವನಿಗೆ ನೋಡಿದರೇ ಗೊತ್ತಾಗುತ್ತದಂತೆ. ಒಂದು ಕೇರಿ ಪೂರ್ತಿಯಾಗಬೇಕಾದರೆ ಐದು ಇರಬೇಕು ಎಂದು ಅವರು ಬೆರಳು ಮಡಚಿ ಎಣಿಸಿದರು: ಮಸೀದಿ, ಕುರಾನ್ ಕಲಿಸುವ ಶಾಲೆ, ಸ್ನಾನದ ಮನೆ, ನೀರಿನ ಕಾರಂಜಿ, ಒಲೆ. ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದ ನಾನು ಒಂದು ಊರನ್ನು ಹೀಗೆ ಎಣಿಸಬಹುದು ಎಂದು ಎಂದೂ ಯೋಚಿಸಿರಲಿಲ್ಲ.

ಗೈಡ್‌ಗಳ ಕೊರಳಲ್ಲಿ ಸರ್ಕಾರ ಕೊಟ್ಟ ಬಿಲ್ಲೆ ಇರುತ್ತದೆ. ಅದನ್ನು ನೋಡಿ, ಎಷ್ಟು ಹೊತ್ತು, ಎಷ್ಟು ದಿರಹಂ, ಅಂಗಡಿಗಳಿಗೆ ಹೋಗುವುದುಂಟೋ ಇಲ್ಲವೋ ಎಂಬುದನ್ನು ಮೊದಲೇ ಮಾತಾಡಿ. ಮರುದಿನ ನಾನು ಒಬ್ಬಳೇ ಹೊರಟಾಗ ಯುವಕನೊಬ್ಬ ದಾರಿ ತೋರಿಸುತ್ತೇನೆಂದು ಜೊತೆಯಾದ. ರತ್ನಗಂಬಳಿಯ ಅಂಗಡಿಯೊಂದರಲ್ಲಿ ಮುಕ್ಕಾಲು ಗಂಟೆ ಕೂಡಿಸಿ, ಹೊರಟಾಗ ಹಣಕ್ಕಾಗಿ ಗದರಿದ. ಕಣ್ಣಲ್ಲಿ ನೀರು ಬಂದಿತ್ತು. ಆ ಮುಕ್ಕಾಲು ಗಂಟೆಯಿಂದಾಗಿ ಮೆಂದೂಬಿಯಾ ತೋಟವನ್ನು ಬೇಲಿಯಾಚೆಯಿಂದಲೇ ನೋಡಬೇಕಾಯಿತು. 1947ರ ಏಪ್ರಿಲ್ 9ರಂದು ಸುಲ್ತಾನ್ ಐದನೆಯ ಮಹಮ್ಮದ್ ತನ್ನ ದೇಶದ ಸ್ವಾತಂತ್ರ್ಯದ ಮಾತೆತ್ತಿದ ಜಾಗ ಅದು. ಎದುರಿನ ದೊಡ್ಡ ಚೌಕಕ್ಕೆ ಇಂದಿಗೂ ಆ ತಾರೀಖಿನದೇ ಹೆಸರು. ಜನ ಕರೆಯುವುದು ಮಾತ್ರ ಗ್ರಾಂಡ್ ಸೊಕ್ಕೊ ಎಂದು.

ಪ್ರಶ್ನೆ: ಇಬ್ನ್ ಬತೂತನ ಸಮಾಧಿ ನೋಡಿದಿರಾ? ಅವನು ನಮ್ಮ ಹೊನ್ನಾವರಕ್ಕೆ ಬಂದಿದ್ದ ಎನ್ನುವುದು ನಿಜವೇ?
— ವಿದ್ಯಾರ್ಥಿನಿ, ಕುಮಟಾ

ಉತ್ತರ: ನಿಜ ಮಗಳೇ. ನಾನು ಅಷ್ಟು ದೂರ ಹೋದದ್ದೂ ಅದಕ್ಕಾಗಿಯೇ. ಹುಟ್ಟಿದ್ದು ಹೊನ್ನಾವರದಲ್ಲಿ, ಪಾಠ ಮಾಡಿದ್ದೂ ಅಲ್ಲಿಯೇ.

ಬತೂತ ತಾಂಜಿಯರ್‌ನಲ್ಲಿ ಹುಟ್ಟಿದ್ದು 1304ರಲ್ಲಿ. 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಮೆಕ್ಕಾ ಯಾತ್ರೆಗೆಂದು ಹೊರಟವನು ಊರಿನ ಕಡೆಗೆ ಮರಳುವ ಹೊತ್ತಿಗೆ ಇಪ್ಪತ್ತನಾಲ್ಕು ವರ್ಷ ಕಳೆದಿತ್ತು. ಆ ನಡುವೆ ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಬಳಿ ನ್ಯಾಯಾಧೀಶನಾಗಿದ್ದ, ಅವನ ರಾಯಭಾರಿಯಾಗಿ ಚೀನಾಕ್ಕೆ ಹೊರಟು ಪಡುವಣ ಕರಾವಳಿ ಹಿಡಿದು ಬಂದ. ಬಾರ್ಕೂರು, ಮಂಗಳೂರು ಎರಡೂ ಅವನ ಬರಹದಲ್ಲಿವೆ. ಹೊನ್ನಾವರವನ್ನು ಅವನು ಕರೆದದ್ದು 'ಹಿನೌರ್' ಎಂದು. ಅಲ್ಲಿನ ಸುಲ್ತಾನ್ ಜಮಾಲುದ್ದೀನ್ 'ಹರ್ಯಬ್' ಎಂಬ ದೊರೆಗೆ ಅಧೀನನಾಗಿದ್ದ ಎನ್ನುತ್ತಾನೆ. ಆ ದೊರೆ ವಿಜಯನಗರದ ಹರಿಹರ ಎಂದು ಇತಿಹಾಸಕಾರರು ಗುರುತಿಸಿದ್ದಾರೆ.

ನನ್ನ ತರಗತಿಯ ಹುಡುಗಿಯರಿಗೆ ಪ್ರತಿ ವರ್ಷ ತಪ್ಪದೆ ಹೇಳುತ್ತಿದ್ದ ಒಂದು ಲೆಕ್ಕ ಇದೆ, ನಿನಗೂ ಹೇಳುತ್ತೇನೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದಿದ್ದಾನೆ. ಹದಿನಾಲ್ಕನೆಯ ಶತಮಾನದ ಮಾತು ಇದು, ಅರ್ಧ ಜಗತ್ತು ಸುತ್ತಿದವನ ಮಾತು.

ಊಟದ ವರ್ಣನೆಯೂ ಇದೆ. ತಾಮ್ರದ ತಟ್ಟೆ, ಅನ್ನದ ಮೇಲೆ ತುಪ್ಪ, ಬದಿಗೆ ಉಪ್ಪಿನಲ್ಲಿಟ್ಟ ಮೆಣಸು, ಹಸಿ ಶುಂಠಿ, ನಿಂಬೆ, ಮಾವು. ಕಾಳುಮೆಣಸಿನ ಗೊಂಚಲನ್ನೇ ಉಪ್ಪಿನಕಾಯಿ ಹಾಕುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಸುಲ್ತಾನನ ಬಳಿ ಹನ್ನೊಂದು ತಿಂಗಳಿದ್ದಾಗ ಒಮ್ಮೆಯೂ ರೊಟ್ಟಿ ತಿನ್ನಲಿಲ್ಲವಂತೆ, ಅಲ್ಲಿಯವರ ಆಹಾರವೆಲ್ಲ ಅನ್ನವೇ ಎಂದು ಬರೆಸಿದ್ದಾನೆ. ಕೇರಿಯ ಒಲೆಯ ಮುಂದೆ ನಿಂತು ಆ ರೊಟ್ಟಿಯ ಪರಿಮಳ ಮೂಸಿದ ಮೇಲೆ, ಹನ್ನೊಂದು ತಿಂಗಳು ಎಂದರೇನೆಂದು ನನಗೆ ಅರ್ಥವಾಯಿತು. ಪಾಪ, ಮನೆಯನ್ನು ಎಷ್ಟು ನೆನೆದನೋ.

ಸಮಾಧಿಗೆ ಹೋಗುವ ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಆತುಕೊಳ್ಳಬೇಕು. ತಿರುವಿನಲ್ಲಿ ಒಂದು ಚಿಕ್ಕ ಕಟ್ಟಡ, ಅಷ್ಟೆ. ಇದು ಅವನದೇ ಎಂಬುದು ಊರವರ ನಂಬಿಕೆ. ಅಲ್ಲಿ ನಿಂತು, ನಾನು ಹಿನೌರ್‌ನಿಂದ ಬಂದವಳು ಎಂದು ಗೈಡ್‌ಗೆ ಹೇಳಿದೆ. ಅವರಿಗೆ ಆ ಹೆಸರು ಗೊತ್ತಿರಲಿಲ್ಲ. ಶಾಲೆಗಳ ಲೆಕ್ಕ ಹೇಳಿದೆ, ಮಾವಿನ ಉಪ್ಪಿನಕಾಯಿಯ ಮಾತೂ ಹೇಳಿದೆ. ಕೇಳಿದವರು ಎದುರು ಮನೆಯ ಬಾಗಿಲು ಬಡಿದು ಒಬ್ಬ ಅಜ್ಜಿಯನ್ನು ಹೊರಗೆ ಕರೆದು, ತಮ್ಮ ಭಾಷೆಯಲ್ಲಿ ಅದನ್ನೆಲ್ಲ ಮತ್ತೆ ಹೇಳಿದರು. ಆ ತಾಯಿ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಏನು ಹೇಳಿದರೋ ನನಗೆ ತಿಳಿಯಲಿಲ್ಲ, ಗೈಡ್ ಕೂಡ ಅನುವಾದಿಸಲಿಲ್ಲ.

ಪ್ರಶ್ನೆ: ತಾಂಜಿಯರ್‌ಗೂ ನಮ್ಮ ಮುಂಬಯಿಗೂ ಏನೋ ನಂಟು ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೀರಿ.
— ಓದುಗರು, ಮಾಟುಂಗಾ, ಮುಂಬಯಿ

ಉತ್ತರ: ಜಾಗ ಸಾಲದೆ ನಿಲ್ಲಿಸಿದ್ದೆ. ಎರಡೂ ಒಂದೇ ಮದುವೆಯ ವರದಕ್ಷಿಣೆ. ಪೋರ್ಚುಗೀಸರು ತಾಂಜಿಯರನ್ನು 1471ರಲ್ಲಿ ಹಿಡಿದಿದ್ದರು. ಅವರ ರಾಜಕುಮಾರಿ ಕ್ಯಾಥರೀನ್ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್‌ನನ್ನು ಮದುವೆಯಾಗುವಾಗ, 1661ರ ಒಪ್ಪಂದದಲ್ಲಿ ಎರಡು ಊರುಗಳನ್ನೂ ಬರೆದುಕೊಟ್ಟರು. ಎರಡೂ ಊರಿನವರನ್ನು ಯಾರೂ ಕೇಳಲಿಲ್ಲ. ಚಾರ್ಲ್ಸ್ ಮುಂಬಯಿಯನ್ನು 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದ. ತಾಂಜಿಯರನ್ನು ಉಳಿಸಿಕೊಳ್ಳಲಾಗದೆ 1684ರಲ್ಲಿ ಬಿಟ್ಟು ಹೊರಟ ಇಂಗ್ಲಿಷರು, ಅಲೆ ತಡೆಯಲು ತಾವೇ ಕಟ್ಟಿದ್ದ ಉದ್ದದ ಗೋಡೆಯನ್ನು ಒಡೆದು ಹಾಕಿ ಹೋದರು. ಒಬ್ಬರಿಗೂ ದಕ್ಕದಂತೆ ಮಾಡಿದ ಆ ಕೆಲಸ ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಪ್ರಶ್ನೆ: ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬೇಕು?
— ಓದುಗರು, ಧಾರವಾಡ

ಉತ್ತರ: ಬೆಳಿಗ್ಗೆ 'ಬಿಸಾರ' ಕೇಳಿ. ಒಣಗಿದ ಬಾಕ್ಲಾ (ಫಾವಾ ಬೀನ್ಸ್) ಕಾಳನ್ನು ಬೇಯಿಸಿ ಅರೆದ ಗಟ್ಟಿ ಸಾರು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಜೊತೆಗೆ ಬಿಸಿ ರೊಟ್ಟಿ ಸಿಕ್ಕಿದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಕಡಲೆಹಿಟ್ಟು ಕಲಸಿ ಒಲೆಯಲ್ಲಿ ಬೇಯಿಸಿದ 'ಕಲಿಂತೆ'ಯನ್ನು ಬೀದಿಯಲ್ಲಿ ತುಂಡು ಮಾಡಿ ಕೊಡುತ್ತಾರೆ. ಕೆಲವರು ಮೊಟ್ಟೆ ಸೇರಿಸುವುದುಂಟು, ಕೇಳಿಕೊಂಡು ತಿನ್ನಿ. 'ಹರೀರ' ಎಂಬ ಸೂಪಿನಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಗುರುವಾರ ಅಥವಾ ಭಾನುವಾರ ಗ್ರಾಂಡ್ ಸೊಕ್ಕೊ ಕಡೆ ಹೋದರೆ, ಬೆಟ್ಟದ ಹಳ್ಳಿಗಳ ಹೆಂಗಸರು ಕೆಂಪು ಬಿಳಿ ಪಟ್ಟೆಯ ಬಟ್ಟೆ ಸುತ್ತಿಕೊಂಡು, ಉಣ್ಣೆಯ ಕುಚ್ಚು ಕಟ್ಟಿದ ಹುಲ್ಲಿನ ಟೋಪಿ ಇಟ್ಟುಕೊಂಡು 'ಜ್ಬೆನ್' ಮಾರುತ್ತಿರುತ್ತಾರೆ. ಅದು ಎಲೆಯ ಮೇಲಿಟ್ಟ, ಆಡಿನ ಹಾಲಿನ ಬೆಳ್ಳಗಿನ ಚೀಸ್. ಉಪ್ಪು ಹೆಚ್ಚಿಲ್ಲದ್ದರಿಂದ ಬಿಸಿಲಿಗೆ ಬೇಗ ಹುಳಿಯಾಗುತ್ತದೆ. ಕೊಂಡದ್ದನ್ನು ಅಂದೇ ತಿಂದು ಮುಗಿಸಿ.